ಅಮ್ಮನನ್ನು ಕೂರಿಸಿ ಸಾಕಬೇಡಿ



ಕಳೆದ ಸಲ ಉಪ್ಪು, ಹಪ್ಪಳ, ಉಪ್ಪಿನಕಾಯಿಯ ಬಗ್ಗೆ ಬರೆದಾಗ ಕೆಲವರಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು. ಈ ಸಲ ಇನ್ನೂ ಹೆಚ್ಚು ಜನರಿಗೆ ಬರಬಹುದು. ನಾವು ಪ್ರೀತಿಯಿಂದ, ಕರ್ತವ್ಯವೆಂದು ತಿಳಿದು ಮಾಡುವ ಒಂದು ಕೆಲಸದ ಬಗ್ಗೆ ಈ ಸಲದ ಮಾತು. ಊರಿನಿಂದ ಕರೆತಂದ ಅಪ್ಪ-ಅಮ್ಮನನ್ನು ನಾವು ಕೂರಿಸಿಬಿಡುತ್ತೇವೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮವರ ಮನೆಗಳಲ್ಲಿ ಈ ಕಥೆ ಒಂದೇ ತರಹ ನಡೆಯುತ್ತದೆ. ಅಪ್ಪ ತೀರಿಕೊಳ್ಳುತ್ತಾರೆ, ಅಥವಾ ತೋಟ ನೋಡಿಕೊಳ್ಳಲು ಜನ ಸಿಗುವುದಿಲ್ಲ. ಮಗ ಊರಿಗೆ ಹೋಗಿ ಮನೆಗೆ ಬೀಗ ಹಾಕಿ ಅಮ್ಮನನ್ನು ಕರೆದುಕೊಂಡು ಬರುತ್ತಾನೆ. ಕರಾವಳಿಯವರಾದರೆ ಮತ್ಸ್ಯಗಂಧದಲ್ಲಿ ಬಂದು ಥಾಣೆಯಲ್ಲೋ ಪನ್ವೇಲಿನಲ್ಲೋ ಇಳಿಯುತ್ತಾರೆ, ಕಲಬುರಗಿ ಕಡೆಯವರಾದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಕಲ್ಯಾಣದಲ್ಲಿ. ರೈಲು ಹತ್ತುವ ಹಿಂದಿನ ದಿನದವರೆಗೆ ಆ ತಾಯಿ ಬಾವಿಯಿಂದ ನೀರು ಸೇದುತ್ತಿದ್ದರು, ಅಂಗಳ ಗುಡಿಸುತ್ತಿದ್ದರು, ಕೆಳಗೆ ಕೂತು ತೆಂಗಿನಕಾಯಿ ತುರಿದು ಯಾರ ಕೈಯನ್ನೂ ಹಿಡಿಯದೆ ಏಳುತ್ತಿದ್ದರು. ರೈಲು ಇಳಿದ ಮೇಲೆ ಅವರಿಗೆ ಟಿವಿಯ ಎದುರು ಒಂದು ಕುರ್ಚಿ. "ಇಷ್ಟು ವರ್ಷ ದುಡಿದದ್ದು ಸಾಕಮ್ಮ, ಇನ್ನು ಆರಾಮ ಕೂತ್ಕೊ." ನೀರು ಕೈಗೆ, ಊಟ ಕೈಗೆ, ಮಾತ್ರೆ ಕೈಗೆ.

ಆರೇಳು ತಿಂಗಳು ಕಳೆದ ಮೇಲೆ ಆ ಮಗ ನನ್ನೆದುರು ಕೂತಿರುತ್ತಾನೆ. "ಡಾಕ್ಟ್ರೇ, ಬರುವಾಗ ಗಟ್ಟಿಯಾಗಿದ್ದರು. ಈಗ ಬಾತ್‌ರೂಮಿಗೆ ಹೋಗಿ ಬಂದರೆ ಏದುಸಿರು. ಹಾರ್ಟೇ ಇರಬೇಕು." ಏದುಸಿರು ಎಂದ ಕೂಡಲೇ ಹೃದಯವನ್ನು ನೋಡಲೇಬೇಕು. ಇಸಿಜಿ, ಎಕೋ, ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್, ಒಂದನ್ನೂ ಬಿಡುವಂತಿಲ್ಲ. ಆದರೆ ಬಹಳಷ್ಟು ಸಲ ರಿಪೋರ್ಟೆಲ್ಲ ಸರಿಯಾಗಿಯೇ ಬರುತ್ತದೆ. ಆಗ ನಾನು ಅಮ್ಮನ ತೊಡೆಯನ್ನು ಮುಟ್ಟಿ ನೋಡುತ್ತೇನೆ. ಸೀರೆಯ ಮಡಿಕೆಯೊಳಗೆ ಮಾಂಸವೇ ಇರುವುದಿಲ್ಲ.

ಮಗನ ಮುಖ ಆಗ ನೋಡಬೇಕು. ಒಂದು ಕೆಲಸಕ್ಕೂ ಕೈ ಹಾಕಲು ಬಿಟ್ಟಿರಲಿಲ್ಲ ಎಂಬುದೇ ಅವನ ಹೆಮ್ಮೆಯಾಗಿತ್ತು.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಒಂದು ಪರೀಕ್ಷೆ ಮಾಡಿದರು. ಮೂರು ವಾರದ ಕೊನೆಗೆ ಅವರ ದೇಹ ಪ್ರಾಣವಾಯುವನ್ನು ಬಳಸಿಕೊಂಡು ದುಡಿಯುವ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಇಳಿದಿತ್ತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂವತ್ತು ವರ್ಷ ಬಿಟ್ಟು 1996ರಲ್ಲಿ ಅದೇ ಐದು ಜನರನ್ನು ಹುಡುಕಿ ಕರೆಸಿ ಮತ್ತೆ ಅಳೆದರು. ಈಗ ಅವರಿಗೆ ಐವತ್ತು, ಹೊಟ್ಟೆ ಬಂದಿದೆ, ತೂಕ ಏರಿದೆ. ಆದರೂ ಮೂವತ್ತು ವರ್ಷದ ವಯಸ್ಸು ಅವರಿಂದ ಕಿತ್ತುಕೊಂಡ ಶಕ್ತಿ, ಇಪ್ಪತ್ತರಲ್ಲಿ ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದಕ್ಕಿಂತ ಕಡಿಮೆ ಇತ್ತು. ಇನ್ನೊಮ್ಮೆ ಓದಿ. ಆಮೇಲೆ ಆರು ತಿಂಗಳು ನಿಧಾನವಾಗಿ ನಡಿಗೆ, ಓಟ, ಸೈಕಲ್ ಅಭ್ಯಾಸ ಮಾಡಿಸಿದಾಗ, ಆ ಮೂವತ್ತು ವರ್ಷದಲ್ಲಿ ಇಳಿದದ್ದೆಲ್ಲ ಮೊದಲಿದ್ದಲ್ಲಿಗೇ ಬಂತು.

ಐದೇ ಜನರ ಮೇಲೆ ಮಾಡಿದ ಪರೀಕ್ಷೆಯಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅಲ್ಲಿಂದೀಚೆಗೆ ಬಂದ ದೊಡ್ಡ ಅಧ್ಯಯನಗಳು ಅದೇ ದಿಕ್ಕಿಗೆ ಕೈ ತೋರಿಸುತ್ತವೆ, ವಯಸ್ಸಾದವರಲ್ಲಂತೂ ಇನ್ನೂ ಜೋರಾಗಿ. ಸರಾಸರಿ 67 ವರ್ಷದ ಆರೋಗ್ಯವಂತರನ್ನು ಹತ್ತೇ ದಿನ ಹಾಸಿಗೆಯಲ್ಲಿ ಇರಿಸಿ 2007ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಹತ್ತು ದಿನದಲ್ಲಿ ಅವರ ಕಾಲಿನ ಸ್ನಾಯು ಹತ್ತಿರ ಹತ್ತಿರ ಒಂದು ಕಿಲೋ ಕರಗಿತ್ತು. ಮೂವತ್ತು ದಾಟಿದ ಮೇಲೆ ನಮಗೆಲ್ಲರಿಗೂ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತಾ ಹೋಗುತ್ತದೆ, ಎಪ್ಪತ್ತರ ಹೊತ್ತಿಗೆ ಉಳಿದಿರುವುದೇ ಸ್ವಲ್ಪ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರಲ್ಲ, ಮುದಿ ವಯಸ್ಸಿನ ಕುಡಿಕೆ ಹೊನ್ನು ಎಂದರೆ ತೊಡೆಯ ಸ್ನಾಯು.

ಭಾರತದ ಲೆಕ್ಕವೂ ಇದೆ. ಪ್ಯೂರ್ ಎಂಬ ಹೆಸರಿನ ಅಧ್ಯಯನದಲ್ಲಿ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತದ ಬಲವನ್ನು ಅಳೆದರು. ನಮ್ಮ ದೇಶದ ಜನರೂ ಅದರಲ್ಲಿದ್ದರು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಅದರಲ್ಲಿ ಕೈ ಜೋಡಿಸಿದೆ. 2015ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಹಿಡಿತದ ಬಲ ಐದು ಕಿಲೋ ಕಡಿಮೆಯಿದ್ದರೆ ಸಾವಿನ ಸಂಭವ ಶೇ. 16 ಹೆಚ್ಚು. ಮೇಲಿನ ಬಿಪಿ ಸಂಖ್ಯೆಗಿಂತಲೂ ಈ ಹಿಡಿತ ಚೆನ್ನಾಗಿ ಮುನ್ಸೂಚನೆ ಕೊಟ್ಟಿತು. ಕೈ ಗಟ್ಟಿ ಮಾಡಿಕೊಂಡರೆ ಸಾವು ದೂರ ಹೋಗುತ್ತದೆ ಎಂದು ಇದರ ಅರ್ಥವಲ್ಲ. ದೇಹದ ಒಟ್ಟು ಬಂಡವಾಳ ಎಷ್ಟಿದೆ ಎಂದು ಕೈ ಹೇಳುತ್ತದೆ, ಅಷ್ಟೇ. ಚಕ್ಕುಲಿ ಒರಳು ತಿರುಗಿಸುವ ಅಜ್ಜಿಯ ಕೈಯನ್ನು ನಾನು ಈಗ ಬೇರೆಯೇ ಗೌರವದಿಂದ ನೋಡುತ್ತೇನೆ.

ಹೃದ್ರೋಗದವರಾದ ನಾವೇ ಈ ಪಾಠವನ್ನು ತಡವಾಗಿ ಕಲಿತವರು. ಕಳೆದ ಶತಮಾನದ ನಡುವಿನವರೆಗೆ ಹಾರ್ಟ್ ಅಟ್ಯಾಕ್ ಆದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ಇಬ್ಬರು ವೈದ್ಯರು ರೋಗಿಗಳನ್ನು ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸುತ್ತೇವೆ ಎಂದದ್ದೇ ಆ ಕಾಲಕ್ಕೆ ದೊಡ್ಡ ಸಾಹಸ. ಈಗ ತೊಂದರೆಯಿಲ್ಲದ ಹಾರ್ಟ್ ಅಟ್ಯಾಕ್ ರೋಗಿ ಒಂದೆರಡು ದಿನದಲ್ಲೇ ವಾರ್ಡಿನಲ್ಲಿ ನಡೆಯುತ್ತಾರೆ. ಆಸ್ಪತ್ರೆಯಿಂದ ಹೋದ ಮೇಲೆ ಕ್ರಮಬದ್ಧ ವ್ಯಾಯಾಮ ಮಾಡಿದವರಲ್ಲಿ ಹೃದಯದಿಂದ ಬರುವ ಸಾವು ಸುಮಾರು ಕಾಲು ಭಾಗ ಕಡಿಮೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಮಂಚ ಬಿಡಿಸಿದ್ದು ಆಸ್ಪತ್ರೆ. ಆದರೆ ಆಂಜಿಯೋಪ್ಲಾಸ್ಟಿ ಮುಗಿಸಿ ಮನೆಗೆ ಹೋದ ರೋಗಿಯನ್ನು ಮನೆಯವರು ಮತ್ತೆ ಮಂಚಕ್ಕೇ ಹಾಕುತ್ತಾರೆ. "ಸ್ಟೆಂಟ್ ಜಾರಿದರೆ?" ಎಂದು ಕೇಳುತ್ತಾರೆ. ಸ್ಟೆಂಟ್ ನಡೆದರೆ ಜಾರುವ ವಸ್ತುವಲ್ಲ.

"ಹಾಗಾದರೆ ಎಪ್ಪತ್ತೈದು ವರ್ಷದ ಅಮ್ಮನ ಹತ್ತಿರ ದುಡಿಸಬೇಕಾ ಡಾಕ್ಟ್ರೇ?"

ಈ ಪ್ರಶ್ನೆಯ ಹಿಂದೆ ಇರುವ ನಿಜವಾದ ಹೆದರಿಕೆ ನನಗೆ ಗೊತ್ತು. ನೆಂಟರು ಬಂದಾಗ ಅತ್ತೆ ಪಾತ್ರೆ ಒರೆಸುತ್ತಿರುವುದನ್ನು ನೋಡಿದರೆ ಊರಿಗೆ ಹೋಗಿ ಏನು ಹೇಳಿಯಾರು? ಮುಂಬಯಿಯಲ್ಲಿ ಮಗ-ಸೊಸೆ ಮುದುಕಿಯ ಹತ್ತಿರ ಚಾಕರಿ ಮಾಡಿಸುತ್ತಾರೆ ಎಂಬ ಮಾತು ಹಬ್ಬಲು ಒಂದು ಫೋನ್ ಸಾಕು. ಅದರಲ್ಲೂ ಆ ಮಾತು ಬಂದರೆ ಸೊಸೆಯ ತಲೆಗೇ ಬರುತ್ತದೆ, ಮಗನ ತಲೆಗೆ ಬರುವುದಿಲ್ಲ. ಹಾಗಾಗಿ ಸೊಸೆಯಂದಿರು ಅತ್ತೆಯನ್ನು ಅಡುಗೆಮನೆಯಿಂದ ಹೊರಗಿಡುತ್ತಾರೆ, ಅರ್ಧ ಗೌರವದಿಂದ, ಅರ್ಧ ಜಾಗದ ಅಭಾವದಿಂದ. ಒಂದು ಬೆಡ್‌ರೂಮಿನ ಮನೆಯ ಅಡುಗೆಕೋಣೆಯಲ್ಲಿ ಇಬ್ಬರು ತಿರುಗಾಡುವುದು ಕಷ್ಟವೇ, ಒಪ್ಪುತ್ತೇನೆ. ಅತ್ತೆ-ಸೊಸೆಯ ಅಡುಗೆಮನೆ ವ್ಯವಹಾರಕ್ಕೆ ಔಷಧಿ ನನ್ನ ಹತ್ತಿರವೂ ಇಲ್ಲ.

ಆದರೆ ಹೇಳುವುದನ್ನು ಹೇಳಲೇಬೇಕು. ಚಾಕರಿ ಬೇರೆ, ಚಲನೆ ಬೇರೆ. ಹನ್ನೆರಡು ಜನರಿಗೆ ಅಡುಗೆ ಮಾಡಿ ಎಂದು ನಾನು ಹೇಳುತ್ತಿಲ್ಲ. ತನ್ನ ತಟ್ಟೆಯನ್ನು ತಾನೇ ಎತ್ತಲಿ, ತನ್ನ ಸೀರೆಯನ್ನು ತಾನೇ ಒಣಗಿಸಲಿ, ಬೆಳಿಗ್ಗೆ ಹೂವು-ತರಕಾರಿ ತರಲು ತಾನೇ ಕೆಳಗೆ ಇಳಿಯಲಿ. ಮಾರ್ಕೆಟ್ಟಿನಲ್ಲಿ ಬಸಳೆ ಸಿಕ್ಕಿತೋ ಇಲ್ಲವೋ ಎಂಬ ವಿಚಾರ ಅವರದ್ದೇ ಆಗಿರಲಿ. ನೀರು ಬೇಕೆಂದರೆ ಎದ್ದು ಹೋಗಿ ಕುಡಿಯಲಿ. ನೀವು ತಂದುಕೊಟ್ಟ ಪ್ರತಿ ಲೋಟ ನೀರು ಅವರಿಂದ ಒಂದು ಸಲ ಏಳುವ ವ್ಯಾಯಾಮವನ್ನು ಕಸಿದುಕೊಳ್ಳುತ್ತದೆ.

ತಡವಾಯಿತು ಎಂದು ಕೈ ಚೆಲ್ಲಬೇಡಿ. 1990ರಲ್ಲಿ ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ, ತೊಂಬತ್ತು ವರ್ಷದ ಆಸುಪಾಸಿನ ಹತ್ತು ಜನ ದುರ್ಬಲರಿಗೆ ಎಂಟು ವಾರ ಕಾಲಿಗೆ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಕಾಲಿನ ಬಲ ಸರಾಸರಿ ಶೇ. 174 ಏರಿತು. ತೊಂಬತ್ತರಲ್ಲೂ ಸ್ನಾಯು ಕರೆದರೆ ಓಗೊಡುತ್ತದೆ. ಇನ್ನು ದೊಡ್ಡ ಪರೀಕ್ಷೆ ಬೇಕೆಂದರೆ 2014ರಲ್ಲಿ ಪ್ರಕಟವಾದ ಲೈಫ್ ಅಧ್ಯಯನವಿದೆ. 70ರಿಂದ 89 ವರ್ಷದೊಳಗಿನ, ಹೆಚ್ಚು ಓಡಾಡದ 1,635 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯದ ಬಗ್ಗೆ ಉಪನ್ಯಾಸ, ಇನ್ನೊಂದಕ್ಕೆ ನಡಿಗೆ, ಕಾಲಿನ ಬಲ ಮತ್ತು ಸಮತೋಲನದ ಅಭ್ಯಾಸ. ಎರಡೂವರೆ ವರ್ಷದ ಮೇಲೆ ನೋಡಿದಾಗ, ಯಾರ ಸಹಾಯವೂ ಇಲ್ಲದೆ 400 ಮೀಟರ್ ನಡೆಯುವ ಶಕ್ತಿಯನ್ನು ಕಳೆದುಕೊಳ್ಳುವ ಸಂಭವ ಅಭ್ಯಾಸ ಮಾಡಿದವರಲ್ಲಿ ಶೇ. 18 ಕಡಿಮೆ ಇತ್ತು. 400 ಮೀಟರ್ ಎಂದರೆ ಹನ್ನೆರಡು ಡಬ್ಬಿಯ ಲೋಕಲ್ ರೈಲಿನ ಉದ್ದವನ್ನು ಹೆಚ್ಚುಕಡಿಮೆ ಒಂದೂವರೆ ಸಲ ನಡೆದಷ್ಟು. ಅಷ್ಟು ನಡೆಯಲಾರದವರು ಸ್ಟೇಷನ್ನಿಗೆ ಹೋಗಲಾರರು, ದೇವಸ್ಥಾನಕ್ಕೆ ಹೋಗಲಾರರು, ಮದುವೆಗೆ ಹೋಗಲಾರರು.

ಮತ್ತೆ ಹತ್ತು ಸಾವಿರ ಹೆಜ್ಜೆ ಎಂಬ ಭೂತವನ್ನು ಹಿರಿಯರ ಬೆನ್ನಿಗೆ ಹತ್ತಿಸಬೇಡಿ. ಆ ಸಂಖ್ಯೆ 1960ರ ದಶಕದಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಜಾಹೀರಾತಿನ ಜೊತೆ ಹುಟ್ಟಿದ್ದು. 2022ರಲ್ಲಿ ಹದಿನೈದು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಅರವತ್ತು ದಾಟಿದವರಿಗೆ 6,000ದಿಂದ 8,000 ಹೆಜ್ಜೆಯ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಈಗ ಎರಡು ಸಾವಿರ ನಡೆಯುವವರು ಮೂರು ಸಾವಿರ ನಡೆದರೂ ನನಗೆ ಸಂತೋಷವೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಊಟದ ಮೇಜಿನ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಕೈ ಎರಡನ್ನೂ ಎದೆಯ ಮೇಲೆ ಕಟ್ಟಿಕೊಂಡು ಅಮ್ಮ ಐದು ಸಲ ಪೂರ್ತಿ ಎದ್ದು ಕೂರಲಿ. ನೀವು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಸಮಯ ನೋಡಿ. ಏಷ್ಯಾದವರಿಗಾಗಿ 2019ರಲ್ಲಿ ತಜ್ಞರು ಮಾಡಿದ ಮಾರ್ಗಸೂಚಿಯ ಪ್ರಕಾರ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುಬಲದ ಬಗ್ಗೆ ಗಮನ ಕೊಡುವ ಸಮಯ ಬಂದಿದೆ. ಕೈ ಊರದೆ ಏಳಲು ಆಗುವುದೇ ಇಲ್ಲ ಎಂದಾದರೆ ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ತೋರಿಸಿ. ಎದೆ ಬಿಗಿತ, ತಲೆಸುತ್ತಿ ಬೀಳುವುದು, ಕಾಲು ಊತ, ಮಲಗಿದರೆ ಉಸಿರುಗಟ್ಟುವುದು ಇದ್ದವರು ಮೊದಲು ಡಾಕ್ಟರ ಹತ್ತಿರ ಹೋಗಿ, ಆಮೇಲೆ ಕುರ್ಚಿ. ಪರೀಕ್ಷೆಯೇ ಔಷಧಿಯೂ ಹೌದು: ದಿನಕ್ಕೆ ಎರಡು ಹೊತ್ತು ಐದರಿಂದ ಹತ್ತು ಸಲ ಎದ್ದು ಕೂತರೆ ಅದೇ ಕಾಲಿನ ವ್ಯಾಯಾಮ.

ಜೊತೆಗೆ ಊಟ. ಗಂಜಿ, ಅನ್ನ-ಸಾರು, ಚಹಾ-ಬಿಸ್ಕತ್ತಿನ ಮೇಲೆ ದಿನ ಕಳೆಯುವ ಹಿರಿಯರಿಗೆ ವ್ಯಾಯಾಮ ಮಾಡಿಸಿಯೂ ಸ್ನಾಯು ಬೆಳೆಯದು. ಕಿಲೋ ತೂಕಕ್ಕೆ ಒಂದರಿಂದ ಒಂದೂಕಾಲು ಗ್ರಾಂನಷ್ಟು ಪ್ರೋಟೀನ್ ಅವರಿಗೆ ಬೇಕು, ಐವತ್ತು ಕಿಲೋದ ಅಜ್ಜಿಗೆ ಐವತ್ತು-ಅರವತ್ತು ಗ್ರಾಂ. ಹೆಸರುಕಾಳು, ಹುರುಳಿ, ಕಡಲೆ, ಮೊಸರು, ಮೊಟ್ಟೆ, ಮೀನು, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದು. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿ ತಿನ್ನಿ.

ಡೊಂಬಿವಲಿ, ಕಲ್ಯಾಣದ ಹಳೆಯ ಬಿಲ್ಡಿಂಗುಗಳ ವಿಷಯ ಬಿಟ್ಟರೆ ಈ ಲೇಖನ ಅಪೂರ್ಣ. ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಬಂದ ಮೊದಲ ವಾರ ಅಮ್ಮ ಹೇಗೋ ಹತ್ತುತ್ತಾರೆ. "ಸುಮ್ಮನೆ ಯಾಕೆ ಹತ್ತಿಳಿಯುತ್ತೀರಿ" ಎಂದು ಯಾರೋ ಹೇಳುತ್ತಾರೆ, ಅಲ್ಲಿಂದ ಅವರು ಮೇಲೆಯೇ. ಮೂರು ತಿಂಗಳು ಇಳಿಯದವರಿಗೆ ಆಮೇಲೆ ಇಳಿಯಬೇಕೆಂದರೂ ಕಾಲು ಕೇಳುವುದಿಲ್ಲ, ಮನೆಯೇ ಸೆರೆ. ಆದ್ದರಿಂದ ಕಾಲಿನಲ್ಲಿ ಬಲ ಇರುವಾಗಲೇ ದಿನಕ್ಕೊಮ್ಮೆ ಇಳಿದು ಹತ್ತುವ ರೂಢಿ ಇಟ್ಟುಕೊಳ್ಳಿ. ಕಟಕಟೆ ಹಿಡಿದು, ಪ್ರತಿ ಮಹಡಿಯಲ್ಲಿ ನಿಂತು, ಉಸಿರು ಹಿಡಿತಕ್ಕೆ ಬಂದ ಮೇಲೆ ಮುಂದಕ್ಕೆ. ಲ್ಯಾಂಡಿಂಗಿನಲ್ಲಿ ಒಂದು ಸ್ಟೂಲ್ ಇಡಲು ಸೊಸೈಟಿಯವರನ್ನು ಕೇಳಿ, ಹೆಚ್ಚಿನವರು ಬೇಡವೆನ್ನುವುದಿಲ್ಲ. ಘೋಡ್‌ಬಂದರ್ ರೋಡ್, ಖಾರ್‌ಘರ್ ಕಡೆಯ ಹೊಸ ಟವರುಗಳಲ್ಲಿ ಲಿಫ್ಟ್ ಇದೆ, ಕೆಳಗೆ ನಡೆಯಲು ಹಾದಿಯೂ ಇದೆ. ಅಲ್ಲಿ ಇಳಿದ ಮೇಲೆ ಮಾತಾಡಲು ಜನ ಇಲ್ಲ. ಒಂದು ಕಡೆ ಮೆಟ್ಟಿಲು ಅಡ್ಡ, ಇನ್ನೊಂದು ಕಡೆ ಮೌನ.

ಈ ಮೌನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮ ಹಿರಿಯರಿಗೆ ಊರು ಬಿಟ್ಟಾಗ ಜೊತೆಗೆ ಭಾಷೆಯೂ ಹೋಗುತ್ತದೆ. ಮಗ ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ರಾತ್ರಿ ಒಂಬತ್ತು. ಮೊಮ್ಮಕ್ಕಳ ಬಾಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್. ಪಕ್ಕದ ಮನೆಯ ಕಾಕು ಒಳ್ಳೆಯವರೇ, ಆದರೆ ನಗುವುದರ ಆಚೆ ಮಾತು ಮುಂದುವರಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಮ್ಮ ದಿನಕ್ಕೆ ಹತ್ತು ವಾಕ್ಯ ಆಡುವುದಿಲ್ಲ. 148 ಅಧ್ಯಯನಗಳ ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು 2010ರಲ್ಲಿ ಒಟ್ಟುಗೂಡಿಸಿದಾಗ, ಗಟ್ಟಿಯಾದ ಜನಸಂಪರ್ಕ ಇದ್ದವರು ಬದುಕಿ ಉಳಿಯುವ ಸಂಭವ ಶೇ. 50 ಹೆಚ್ಚು ಎಂದು ಕಂಡಿತ್ತು. ಹೃದಯದ ಡಾಕ್ಟರಾಗಿ ನಾನು ಇದನ್ನು ಕೊಲೆಸ್ಟರಾಲ್‌ನಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಮರೆವಿನ ವಿಷಯವೂ ಇಲ್ಲೇ ಬರುತ್ತದೆ. ಹಾರ್ಬರ್ ಲೈನಿನ ಗೋವಂಡಿ ಸ್ಟೇಷನ್ನಿನ ಹತ್ತಿರ, ದೇವನಾರ್‌ನಲ್ಲಿ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದೆ. ದೇಶದ 45 ದಾಟಿದ 72,000ಕ್ಕೂ ಹೆಚ್ಚು ಜನರ ಆರೋಗ್ಯ, ಸಂಸಾರ, ಹಣಕಾಸನ್ನು ಕೂಡಿಸಿ ನೋಡುವ 'ಲಾಸಿ' ಎಂಬ ಬೃಹತ್ ಅಧ್ಯಯನದ ಮೊದಲ ಸುತ್ತನ್ನು 2017-18ರಲ್ಲಿ ನಡೆಸಿದ್ದು ಅವರೇ. ಅದರ ಜೊತೆಗೇ ನಡೆದ ಮರೆವಿನ ಅಧ್ಯಯನದಿಂದ, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಬಂತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮಾವಿಗೆ ಹೆಸರಾದ ಊರು, ಅಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಹಳ್ಳಿಯ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ಹಿಡಿದಿದ್ದಾರೆ. ಶಾಲೆಗೆ ಹೋಗದ, ಹೊಲದಲ್ಲಿ ದುಡಿದ ಜನರ ಮೆದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ಇಷ್ಟು ದಿನ ನಾವು ಪರದೇಶದ ಪುಸ್ತಕ ನೋಡಬೇಕಿತ್ತು.

ಸುವರ್ಣಾ ಅಲ್ಲಾಡಿ ಅವರ ಅಧ್ಯಯನ ನಮ್ಮಂಥ ವಲಸೆ ಮನೆಗಳಿಗೆ ಹೇಳಿ ಮಾಡಿಸಿದಂತಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಅವರು ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದ ಪ್ರಕಾರ, ಎರಡೋ ಹೆಚ್ಚೋ ಭಾಷೆ ಆಡುವವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಅಕ್ಷರ ಬಾರದವರಲ್ಲೂ ಕೂಡ. ಇದೊಂದರಿಂದಲೇ ತೀರ್ಪು ಕೊಡುವಂತಿಲ್ಲ, ಬೇರೆ ಕಡೆ ಬೇರೆ ಫಲಿತಾಂಶವೂ ಬಂದಿದೆ. ಆದರೂ ಮನೆಯಲ್ಲಿ ತುಳುವೋ ಕೊಂಕಣಿಯೋ, ಓದಲು ಕನ್ನಡ, ಬಸ್ಸಿನಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ ಆಡುವ ನಮ್ಮವರು ಇದನ್ನು ಓದಿ ಸ್ವಲ್ಪ ಬೀಗಿದರೆ ತಪ್ಪಿಲ್ಲ. ಅಜ್ಜಿಗೆ ಮರಾಠಿ ಕಲಿಸುವ ಕೆಲಸವನ್ನು ಮೊಮ್ಮಗಳಿಗೆ ಕೊಡಿ, ಮೊಮ್ಮಗಳಿಗೆ ಕನ್ನಡ ಕಲಿಸುವ ಕೆಲಸವನ್ನು ಅಜ್ಜಿಗೆ ಕೊಡಿ.

ಅಮ್ಮನಿಗೆ ಮರೆವು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ದಯವಿಟ್ಟು ಕೇಳಿ. ಮರಾಠಿಯಲ್ಲೋ ಹಿಂದಿಯಲ್ಲೋ "ಇಂದು ಯಾವ ವಾರ, ನೂರರಿಂದ ಏಳು ಕಳೆಯಿರಿ" ಎಂದು ಕೇಳಿದರೆ ಹಾವೇರಿಯ ತಾಯಿ ಸುಮ್ಮನೆ ಕೂರುತ್ತಾರೆ. ಅದು ಮರೆವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಯಾರಿಸಿದ ಮೆದುಳು ಪರೀಕ್ಷೆಯ ಪ್ರಶ್ನೆಪಟ್ಟಿ ಕನ್ನಡದಲ್ಲೂ ಇದೆ, ಓದು ಬಾರದವರನ್ನು ಗಮನದಲ್ಲಿಟ್ಟು ಮಾಡಿದ್ದೂ ಇದೆ. ಅದು ಸಿಗದಿದ್ದರೆ ಕನ್ನಡ ಬಲ್ಲ ವೈದ್ಯರನ್ನೋ ನರ್ಸನ್ನೋ ಪಕ್ಕದಲ್ಲಿ ಕೂರಿಸಲು ಹೇಳಿ. ಅದಕ್ಕೂ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅರ್ಧ ಕೇಳಿಸದವರು ಅರ್ಧ ಉತ್ತರ ಕೊಡುತ್ತಾರೆ. 2023ರಲ್ಲಿ ಬಂದ ಅಚೀವ್ ಅಧ್ಯಯನದಲ್ಲಿ ಕಿವಿಯ ಯಂತ್ರದಿಂದ ಎಲ್ಲರ ನೆನಪು ಸುಧಾರಿಸಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮೂರು ವರ್ಷದ ಬುದ್ಧಿಯ ಇಳಿತ ಶೇ. 48 ನಿಧಾನವಾಯಿತು. "ಯಂತ್ರ ಹಾಕಿದರೆ ಮುದುಕಿ ಎನ್ನುತ್ತಾರೆ" ಎನ್ನುವ ಅಮ್ಮಂದಿರಿಗೆ ನಾನು ಕನ್ನಡಕ ತೋರಿಸುತ್ತೇನೆ. ಅದೂ ಯಂತ್ರವೇ.

ನಮ್ಮ ಕಡೆ ಸಂಘಗಳಿಗೆ ಬರವಿಲ್ಲ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ, ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘ, ಜೂಯಿನಗರದಲ್ಲಿ ಬಂಟ್ಸ್ ಸೆಂಟರ್, ಇನ್ನೂ ಸಮಾಜಗಳು, ಭಜನಾ ಮಂಡಳಿಗಳು. ಯಕ್ಷಗಾನ, ಸನ್ಮಾನ, ವಾರ್ಷಿಕೋತ್ಸವ ಎಲ್ಲವೂ ಚೆನ್ನಾಗಿ ನಡೆಯುತ್ತವೆ, ಹೆಚ್ಚಿನವು ಭಾನುವಾರ. ಎಲ್ಲ ಸಂಘಗಳಿಗೂ ನನ್ನ ಸಲಹೆ ಒಂದೇ: ವಾರದ ದಿನ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಎಲ್ಲಾದರೂ ಒಂದು ಕೋಣೆ, ಇಪ್ಪತ್ತು ಕುರ್ಚಿ, ಒಂದು ಕನ್ನಡ ಪೇಪರ್. ಕುರ್ಚಿಯಿಂದ ಹತ್ತು ಸಲ ಏಳುವುದು, ಒಂದು ಕಾಲಲ್ಲಿ ಗೋಡೆ ಹಿಡಿದು ನಿಲ್ಲುವುದು, ಆಮೇಲೆ ಹರಟೆ. ಮರಾಠಿಯವರು ತಮ್ಮ ಹಿರಿಯರಿಗಾಗಿ ಊರೂರಲ್ಲಿ 'ಕಟ್ಟಾ' ಮಾಡಿಕೊಂಡಿದ್ದಾರೆ. ನಮ್ಮ ಅರಳಿಕಟ್ಟೆಯೂ ಅದೇ ಶಬ್ದ. ಭಾಷೆ ಸ್ವಲ್ಪ ಬರುವ ಅಪ್ಪಂದಿರು ಆ ಕಟ್ಟಾಕ್ಕೂ ಹೋಗಲಿ.

ಅಪ್ಪಂದಿರು ಎಂದ ಕೂಡಲೇ ನೆನಪಾಯಿತು. ಹದಿನಾಲ್ಕು-ಹದಿನೈದು ವರ್ಷಕ್ಕೆ ಊರು ಬಿಟ್ಟು ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕಲಿತು, ನಲವತ್ತು ವರ್ಷ ನಿಂತೇ ದುಡಿದ ತಲೆಮಾರು ಈಗ ಎಪ್ಪತ್ತು ದಾಟಿದೆ. ಇವರು ತಮ್ಮನ್ನು ತಾವೇ ಕೂರಿಸಿಕೊಂಡವರು. "ನಿಂತದ್ದು ಸಾಕು ಮಾರಾಯ್ರೇ" ಎನ್ನುತ್ತಾರೆ. ಆ ಮಾತಿಗೆ ಎದುರುತ್ತರ ಕೊಡುವುದು ಕಷ್ಟ. ಮಕ್ಕಳು ಹೋಟೆಲು ನೋಡಿಕೊಳ್ಳುತ್ತಿದ್ದರೂ ಬೆಳಿಗ್ಗೆ ಎರಡು ತಾಸು ಹೋಗಿ ಸಾಂಬಾರು ರುಚಿ ನೋಡಿ, ಹಳೆಯ ಗಿರಾಕಿಗಳ ಹತ್ತಿರ ಮಾತಾಡಿ ಬನ್ನಿ ಎಂದಷ್ಟೇ ಹೇಳುತ್ತೇನೆ. ಮಗನಿಗೆ ಕಿರಿಕಿರಿ ಆಗುತ್ತದೆ, ಆಗಲಿ.

ಬಿಪಿಯ ಬಗ್ಗೆ ಎರಡು ಮಾತು, ಅದು ನನ್ನ ಹೊಟ್ಟೆಪಾಡು. ವಯಸ್ಸಿಗೆ ನೂರು ಕೂಡಿಸಿದರೆ ಸರಿಯಾದ ಬಿಪಿ ಎಂಬ ಹಳೆಯ ಲೆಕ್ಕವನ್ನು ಮರೆತುಬಿಡಿ. ಚೀನಾದಲ್ಲಿ 60ರಿಂದ 80 ವರ್ಷದ 8,511 ಜನರ ಮೇಲೆ ಮಾಡಿದ, 2021ರಲ್ಲಿ ಬಂದ ಸ್ಟೆಪ್ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 130ರ ಕೆಳಗೆ ಇಟ್ಟವರಿಗೆ, 130-150ರ ನಡುವೆ ಇಟ್ಟವರಿಗಿಂತ ಪಾರ್ಶ್ವವಾಯು, ಹೃದಯಾಘಾತದಂಥ ಪೆಟ್ಟುಗಳು ಶೇ. 26 ಕಡಿಮೆ. ಆದರೆ ನಿಂತಾಗಲೂ ಬಿಪಿ ನೋಡಿಸಿ. ಎದ್ದು ನಿಂತು ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಇಳಿದರೆ ಅವರು ರಾತ್ರಿ ಬಾತ್‌ರೂಮಿನ ದಾರಿಯಲ್ಲಿ ಬೀಳುವವರು. ಅಂಥವರಿಗೆ ಮಾತ್ರೆಯ ಪ್ರಮಾಣ, ಹೊತ್ತು ಎರಡನ್ನೂ ಮತ್ತೆ ನೋಡಬೇಕಾಗುತ್ತದೆ.

ಎನ್‌ಎಂಎನ್, ರೆಸ್ವೆರಟ್ರಾಲ್, 'ನಿಮ್ಮ ದೇಹದ ನಿಜವಾದ ವಯಸ್ಸು' ಹೇಳುವ ರಕ್ತಪರೀಕ್ಷೆ, ಈ ಜಾಹೀರಾತುಗಳ ಬಗ್ಗೆ ನಿಮ್ಮಲ್ಲಿ ಹಲವರು ಕೇಳುತ್ತಿರುತ್ತೀರಿ. ರಪಮೈಸಿನ್ ಎಂಬ ಔಷಧಿ ಮುದಿ ಇಲಿಗಳ ಆಯುಸ್ಸು ಹೆಚ್ಚಿಸಿದ್ದು ನಿಜ, 2009ರಲ್ಲೇ. ಇಲಿಗಳಲ್ಲಿ. ಮನುಷ್ಯರ ಆಯುಸ್ಸು ಹೆಚ್ಚಿಸುತ್ತದೆಂದು ಸಾಬೀತಾದ ಮಾತ್ರೆ ಈ ಪಟ್ಟಿಯಲ್ಲಿ ಇನ್ನೂ ಒಂದೂ ಇಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಈಗ 'ಭಾರತ್' ಎಂಬ ಹೆಸರಿನಲ್ಲಿ, ಆರೋಗ್ಯವಾಗಿ ಮುಪ್ಪಾಗುವ ಭಾರತೀಯರ ರಕ್ತದಲ್ಲಿ ಏನೇನು ಎಷ್ಟೆಷ್ಟು ಇರುತ್ತದೆ ಎಂದು ಅಳೆಯುತ್ತಿದ್ದಾರೆ. ಆ ಅಳತೆಗೋಲೇ ಇನ್ನೂ ತಯಾರಾಗುತ್ತಿರುವಾಗ ಸಾವಿರಾರು ರೂಪಾಯಿ ಕೊಟ್ಟು ಅಳೆಸಿಕೊಳ್ಳುವುದು ಏನನ್ನು? ಆ ಹಣಕ್ಕೆ ಜಾರದ ಚಪ್ಪಲಿ, ಬಾತ್‌ರೂಮಿಗೆ ಹಿಡಿಕೆ, ಕಣ್ಣಿನ ಪೊರೆಯ ಆಪರೇಷನ್ ಆಗುತ್ತದೆ.

ಕೊನೆಯದಾಗಿ, ಆರು ತಿಂಗಳು ಊರಿನಲ್ಲಿ ಆರು ತಿಂಗಳು ಇಲ್ಲಿ ಇರುವ ಹಿರಿಯರ ಮಾತ್ರೆಗಳು. ಕುಂದಾಪುರದ ಡಾಕ್ಟರು ಬರೆದ ಟೆಲ್ಮಿಸಾರ್ಟಾನ್ ಒಂದು ಕಂಪನಿಯ ಹೆಸರಿನಲ್ಲಿ, ಕಲ್ಯಾಣದ ಡಾಕ್ಟರು ಬರೆದದ್ದು ಇನ್ನೊಂದು ಹೆಸರಿನಲ್ಲಿ, ಅಮ್ಮ ಎರಡನ್ನೂ ನುಂಗುತ್ತಾರೆ. ಆಮೇಲೆ ಬಿಪಿ ಬಿದ್ದು ತಲೆ ಸುತ್ತುತ್ತದೆ, ತಲೆ ಸುತ್ತಿದ್ದಕ್ಕೆ ಮತ್ತೆ ಕುರ್ಚಿ. ರೈಲಿನಲ್ಲಿ ಶೌಚಾಲಯಕ್ಕೆ ಹೋಗಬೇಕಲ್ಲ ಎಂದು ಮೂತ್ರದ ಮಾತ್ರೆಯನ್ನು ಎರಡು ದಿನ ಬಿಟ್ಟು, ಇಳಿಯುವಾಗ ಕಾಲು ಊದಿಸಿಕೊಂಡು ಬರುವವರೂ ಇದ್ದಾರೆ. ಮಾತ್ರೆಯ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಹೆಸರನ್ನು ನೋಡಿ, ಕಂಪನಿ ಇಟ್ಟ ದೊಡ್ಡ ಹೆಸರನ್ನಲ್ಲ. ಒಂದೇ ಹೆಸರು ಎರಡು ಪಟ್ಟಿಯಲ್ಲಿ ಕಂಡರೆ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಸಲ ತೋರಿಸಲು ಬರುವಾಗ ಎರಡೂ ಊರಿನ ಮಾತ್ರೆಗಳನ್ನು ಒಂದೇ ಚೀಲದಲ್ಲಿ ಹಾಕಿ ತನ್ನಿ, ಐದು ಸಲ ಎದ್ದು ಕೂತ ಸೆಕೆಂಡುಗಳನ್ನು ಚೀಟಿಯಲ್ಲಿ ಬರೆದು ತನ್ನಿ. ಅಮ್ಮ ನಡೆಯಬಲ್ಲವರಾದರೆ ಆಸ್ಪತ್ರೆಯ ಗೇಟಿನಲ್ಲಿ ವೀಲ್‌ಚೇರ್ ಕೇಳಬೇಡಿ. ಸ್ವಲ್ಪ ಬೇಗ ಹೊರಟು ಬನ್ನಿ, ನಿಧಾನವಾಗಿ ನಡೆದು ಬರಲಿ, ನಾನು ಕಾಯುತ್ತೇನೆ.